ಕಾಲೇಜು ಟೀಮಿನಲ್ಲಿ ಸೋಂಕು ಕಾಣಿಸಿಕೊಂಡಾಗ ಯಾರಿಗೆ ಏನು ಹೇಳಬೇಕು, ಹೆಸರನ್ನು ಹೇಗೆ ಕಾಪಾಡಬೇಕು: ಅಮೆರಿಕದ ಕಾಲೇಜು ಕ್ರೀಡೆಗೆ ಸಮಗ್ರ ಮಾರ್ಗದರ್ಶಿ

2020ರ ಜೂನ್‌ನಲ್ಲಿ ಕ್ಲೆಮ್ಸನ್ ಯೂನಿವರ್ಸಿಟಿ ತನ್ನ ಫುಟ್‌ಬಾಲ್ ಟೀಮಿನ 23 ಆಟಗಾರರಿಗೆ ಕೋವಿಡ್ ಬಂದಿದೆ ಎಂದು ಸಂಖ್ಯೆ ಸಮೇತ ಪ್ರಕಟಿಸಿತು. ಹೆಸರು ಹೇಳಲಿಲ್ಲ. ಅದೇ ವರ್ಷ ಬೇರೆ ಎಷ್ಟೋ ಯೂನಿವರ್ಸಿಟಿಗಳು "ಪ್ರೈವೆಸಿ ಕಾನೂನು ಇದೆ, ಎಷ್ಟು ಜನ ಅಂತಲೂ ಹೇಳೋಕಾಗಲ್ಲ" ಎಂದು ಬಾಗಿಲು ಹಾಕಿಕೊಂಡವು. ಎರಡೂ ಕಡೆ ಇದ್ದ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕಾನೂನು ಒಂದೇ. ಹಾಗಾದರೆ ಕಾನೂನು ನಿಜವಾಗಿ ತಡೆಯುವುದು ಏನನ್ನು?

ಅದು ತಡೆಯುವುದು ಇಂಥವರಿಗೆ ಇಂಥ ಕಾಯಿಲೆ ಎಂದು ಗುರುತು ಸಿಗುವಂತೆ ಹೇಳುವುದನ್ನು. ಸೋಂಕು ಬಂದಿದೆ, ನೀವು ಅದರ ಹತ್ತಿರ ಇದ್ದಿರಿ, ಇನ್ನು ಹೀಗೆ ಮಾಡಿ ಎಂದು ಹೇಳುವುದಕ್ಕೆ ಅಡ್ಡಿಯಿಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಕೆಲಸ ಮುಕ್ಕಾಲು ಪಾಲು ಸಲೀಸು. ನೀವು ಅಥ್ಲೆಟಿಕ್ ಟ್ರೈನರ್ (ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವರು) ಆಗಿರಿ, ಕೋಚ್ ಆಗಿರಿ, ಮಾಧ್ಯಮಕ್ಕೆ ಉತ್ತರ ಕೊಡುವವರಾಗಿರಿ, ಇಲ್ಲವೇ ಟೀಮಿನಲ್ಲಿ ಆಡುವವರು ಅಥವಾ ಅವರ ತಂದೆ ತಾಯಿ ಆಗಿರಿ, ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ನೋಡಿಕೊಂಡು ಹೋಗಿ.

1. ಯಾವ ದಾಖಲೆ ಯಾವ ಕಾನೂನಿನ ಕೆಳಗೆ ಬರುತ್ತದೆ?

ಎಲ್ಲರ ಬಾಯಿಗೆ ಮೊದಲು ಬರುವುದು ಹಿಪಾ. 1996ರಲ್ಲಿ ಬಂದ ಈ ಕಾನೂನಿನ ಪ್ರೈವೆಸಿ ನಿಯಮ ಆಸ್ಪತ್ರೆ, ಡಾಕ್ಟರು, ವಿಮಾ ಕಂಪನಿಗಳ ಹತ್ತಿರ ಇರುವ ರೋಗಿಯ ಮಾಹಿತಿಯನ್ನು ಕಾಯುತ್ತದೆ. ಆದರೆ ಕಾಲೇಜಿನ ಟ್ರೈನರ್ ಬರೆದಿಟ್ಟ ನೋಟ್ಸ್, ಕ್ಯಾಂಪಸ್ ಹೆಲ್ತ್ ಸೆಂಟರ್‌ನಲ್ಲಿರುವ ವಿದ್ಯಾರ್ಥಿಗಳ ಚಿಕಿತ್ಸೆಯ ದಾಖಲೆ, ಇವು ಸಾಮಾನ್ಯವಾಗಿ ಹಿಪಾ ಕೆಳಗೆ ಬರುವುದೇ ಇಲ್ಲ. ಇವುಗಳನ್ನು ನೋಡಿಕೊಳ್ಳುವುದು ಫೆರ್ಪಾ, ಅಂದರೆ ಫೆಡರಲ್ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಿಗೆ 1974ರಲ್ಲಿ ಮಾಡಿದ ಕಾನೂನು. ಫೆರ್ಪಾ ವ್ಯಾಪ್ತಿಯ ದಾಖಲೆಗಳನ್ನು ಹಿಪಾ ತಾನಾಗಿಯೇ ಹೊರಗಿಟ್ಟಿದೆ. ಇದರ ಬಗ್ಗೆ ಫೆಡರಲ್ ಸರ್ಕಾರದ ಆರೋಗ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ 2008ರಲ್ಲಿ ಒಂದು ವಿವರಣೆ ಕೊಟ್ಟವು, 2019ರ ಡಿಸೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿದವು.

ಆಟಗಾರ ಊರೊಳಗಿನ ಖಾಸಗಿ ಕ್ಲಿನಿಕ್‌ಗೆ ಹೋಗಿ ಪರೀಕ್ಷೆ ಮಾಡಿಸಿದರೆ ಆ ಕ್ಲಿನಿಕ್‌ನ ರಿಪೋರ್ಟ್ ಹಿಪಾ ಕೆಳಗೆ. ಅದೇ ರಿಪೋರ್ಟ್ ಟ್ರೈನರ್ ಕಡತಕ್ಕೆ ಬಂದು ಸೇರಿದರೆ ಆ ಪ್ರತಿ ಫೆರ್ಪಾ ಕೆಳಗೆ. ಕೋಚ್ ಕಾಲೇಜಿನ ನೌಕರ, ವಿದ್ಯಾರ್ಥಿ ಅಲ್ಲ. ಹಾಗಾಗಿ ಕೆಲಸದ ಸಲುವಾಗಿ ಸಂಸ್ಥೆಗೆ ಸಿಕ್ಕ ಅವರ ಆರೋಗ್ಯ ಮಾಹಿತಿಯನ್ನು ಗುಟ್ಟಾಗಿಡಬೇಕು ಎನ್ನುವುದು 1990ರ ಅಂಗವಿಕಲರ ಹಕ್ಕುಗಳ ಕಾನೂನು. ಇದರ ಜೊತೆಗೆ ಆಯಾ ರಾಜ್ಯದ ಕಾನೂನೂ ಇದೆ, ಕೆಲವು ಕಡೆ ಅದು ಇನ್ನೂ ಬಿಗಿ. ಎಚ್‌ಐವಿ ವಿಷಯದಲ್ಲಂತೂ ಅನೇಕ ರಾಜ್ಯಗಳಲ್ಲಿ ಪ್ರತ್ಯೇಕ ನಿಯಮಗಳೇ ಇವೆ.

ಫೆರ್ಪಾ ಕಾಯುವುದು ದಾಖಲೆಯನ್ನು ಮತ್ತು ದಾಖಲೆಯಿಂದ ತಿಳಿದ ವಿಷಯವನ್ನು ಮಾತ್ರ. ಅಭ್ಯಾಸದ ಮಧ್ಯೆ ಒಬ್ಬ ಹುಡುಗ ವಾಂತಿ ಮಾಡಿಕೊಂಡಿದ್ದನ್ನು ಕೋಚ್ ಕಣ್ಣಾರೆ ನೋಡಿದರೆ ಅದು ದಾಖಲೆ ಅಲ್ಲ. ಹಾಗಂತ ಊರಿಗೆಲ್ಲಾ ಹೇಳಿಕೊಂಡು ಬರಬೇಕು ಅಂತಲ್ಲ. ಕಾನೂನು ಬಿಟ್ಟ ಕಡೆಯೂ ಮರ್ಯಾದೆ ಅನ್ನೋದು ಇರುತ್ತದೆ ಅಲ್ವಾ?

2. ಒಪ್ಪಿಗೆ ಪತ್ರ ಸೀಸನ್ ಶುರುವಾಗುವ ಮುಂಚೆಯೇ ಆಗಬೇಕು

ಫೆರ್ಪಾ ಪ್ರಕಾರ ಒಪ್ಪಿಗೆ ಪತ್ರಕ್ಕೆ ಸಹಿ ಮತ್ತು ದಿನಾಂಕ ಬೇಕು. ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾರಿಗೆ, ಈ ಮೂರನ್ನೂ ಅದರಲ್ಲಿ ಬರೆದಿರಬೇಕು. "ನನ್ನ ಎಲ್ಲಾ ಆರೋಗ್ಯ ಮಾಹಿತಿಯನ್ನು ಅಥ್ಲೆಟಿಕ್ ವಿಭಾಗ ಯಾರಿಗೆ ಬೇಕಾದರೂ ಕೊಡಬಹುದು" ಎನ್ನುವಂಥ ಪತ್ರ ಕಣ್ಣಿಗೆ ಬಿದ್ದರೆ ಸಹಿ ಹಾಕಬೇಡಿ, ಬದಲಾಯಿಸಿ ಕೊಡಿ ಎಂದು ಕೇಳಿ. ಪತ್ರ ತಯಾರು ಮಾಡುವವರು ನೀವಾದರೆ ಅದನ್ನು ತುಂಡು ತುಂಡಾಗಿ ಒಡೆಯಿರಿ. ಟೀಮ್ ಡಾಕ್ಟರಿಗೆ ಒಂದು ಸಾಲು, ಕೋಚ್‌ಗೆ ಒಂದು ಸಾಲು, ತಂದೆ ತಾಯಿಗೆ ಒಂದು ಸಾಲು, ಮಾಧ್ಯಮಕ್ಕೆ ಒಂದು ಸಾಲು, ಪ್ರತಿಯೊಂದರ ಎದುರು ಹೌದು ಅಥವಾ ಇಲ್ಲ. ಆಗ ಆಟಗಾರ್ತಿ ಡಾಕ್ಟರಿಗೆ ಹೌದು ಎಂದು, ಮಾಧ್ಯಮಕ್ಕೆ ಬೇಡ ಎನ್ನಬಹುದು.

ಪತ್ರ ಕೈಗೆ ಕೊಡುವ ರೀತಿಯೂ ಮುಖ್ಯ. ಕೋಚ್ ಮುಂದೆ ನಿಂತಿದ್ದಾರೆ, ಹಿಂದೆ 20 ಜನ ಸಾಲಿನಲ್ಲಿದ್ದಾರೆ, ಒಂದು ಪೆನ್ನು ಕೈಯಿಂದ ಕೈಗೆ ಹೋಗುತ್ತಿದೆ. ಅಲ್ಲಿ 18 ವರ್ಷದ ಹುಡುಗಿ "ಬೇಡ" ಎನ್ನುತ್ತಾಳೆಯೇ? ಪತ್ರವನ್ನು ಮನೆಗೆ ಕೊಟ್ಟು ಕಳಿಸಿ. ವಾಪಸು ತೆಗೆದುಕೊಳ್ಳುವವರು ಟ್ರೈನರ್ ಆಗಿರಲಿ, ಕೋಚ್ ಬೇಡ.

ತಂದೆ ತಾಯಿಗಳಿಗೆ ಒಂದು ಮಾತು. ಮಗ ಅಥವಾ ಮಗಳು ಕಾಲೇಜು ಸೇರಿದ ಕೂಡಲೇ, ವಯಸ್ಸು ಎಷ್ಟೇ ಇರಲಿ, ಫೆರ್ಪಾ ಹಕ್ಕು ನಿಮ್ಮಿಂದ ಅವರ ಕೈಗೆ ಹೋಗುತ್ತದೆ. ತೆರಿಗೆ ಲೆಕ್ಕದಲ್ಲಿ ಅವರು ನಿಮ್ಮ ಅವಲಂಬಿತರಾಗಿದ್ದರೆ ಕಾಲೇಜು ನಿಮಗೆ ತಿಳಿಸಬಹುದು, ತಿಳಿಸಲೇಬೇಕು ಅಂತೇನಿಲ್ಲ. ಕಾಲೇಜಿನಿಂದ ಫೋನ್ ಬರುತ್ತದೆ ಎಂದು ಕಾಯುವುದಕ್ಕಿಂತ ಮಕ್ಕಳ ಹತ್ತಿರವೇ ಮೊದಲೇ ಮಾತಾಡಿಟ್ಟುಕೊಳ್ಳಿ.

3. ಯಾರಿಗಾದರೂ ಹೇಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ

ಮೊದಲನೆಯದು: ಕಾಯಿಲೆ ಖಚಿತವಾಗಿದೆಯೇ? 2020ರ ಅಕ್ಟೋಬರ್ 14ರಂದು ಅಲಬಾಮಾ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚ್ ನಿಕ್ ಸೇಬನ್‌ಗೆ ಕೋವಿಡ್ ಪಾಸಿಟಿವ್ ಎಂಬ ಸುದ್ದಿ ದೇಶಕ್ಕೆಲ್ಲಾ ಹರಡಿತು. ಆಮೇಲಿನ ಪರೀಕ್ಷೆಗಳೆಲ್ಲಾ ನೆಗೆಟಿವ್ ಬಂದು, ಮೊದಲನೆಯದು ತಪ್ಪು ಪಾಸಿಟಿವ್ ಎಂದು ತೀರ್ಮಾನವಾಗಿ, 17ರಂದು ಅವರು ಪಂದ್ಯಕ್ಕೆ ವಾಪಸಾದರು. ಅಷ್ಟು ದೊಡ್ಡ ಹೆಸರಿನ ಕೋಚ್ ಅದನ್ನು ತಡೆದುಕೊಳ್ಳಬಹುದು. 19 ವರ್ಷದ ಹುಡುಗನಿಗೆ ಒಮ್ಮೆ ಅಂಟಿದ ಹೆಸರು ಸುಲಭಕ್ಕೆ ಹೋಗುವುದಿಲ್ಲ. ರಿಸಲ್ಟ್ ಖಚಿತವಾಗುವ ತನಕ ಆಟಗಾರರನ್ನು ಪ್ರತ್ಯೇಕ ಇಡಿ, ಬಾಯಿ ಮಾತ್ರ ಬಿಡಬೇಡಿ.

ಎರಡನೆಯದು ಇದಕ್ಕಿಂತ ಮುಖ್ಯ: ಈ ಕಾಯಿಲೆ ಆಟದಿಂದ, ಲಾಕರ್ ರೂಮಿನಿಂದ, ಬಸ್ಸಿನಿಂದ ಹರಡುತ್ತದೆಯೇ? ಇಲ್ಲ ಎಂದಾದರೆ ಟೀಮಿಗೆ ಹೇಳಲು ಏನೂ ಇಲ್ಲ, ಮಾತು ಅಲ್ಲಿಗೇ ಮುಗಿಯಿತು. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಟದಿಂದ ಹೊರಗಿಡಬೇಕಿಲ್ಲ ಎನ್ನುವುದು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಮಾರ್ಗಸೂಚಿಯಲ್ಲೇ ಇದೆ. ಗಾಯದಿಂದ ರಕ್ತ ಬಂದರೆ ಯಾರ ರಕ್ತವಾದರೂ ಒಂದೇ ಎಚ್ಚರಿಕೆ, ಆಟ ನಿಲ್ಲಿಸು, ಗಾಯ ಮುಚ್ಚು, ರಕ್ತ ಒರೆಸು. ಎಲ್ಲರಿಗೂ ಇದನ್ನೇ ಪಾಲಿಸಿದರೆ ಒಬ್ಬರ ಹೆಸರು ತಿಳಿಯುವ ಅಗತ್ಯವೇ ಬರುವುದಿಲ್ಲ.

ಹರಡುವ ಕಾಯಿಲೆಯಾದರೆ ಗಡಿಯಾರ ಓಡುತ್ತಿರುತ್ತದೆ. ಒಂದೊಂದಕ್ಕೆ ಒಂದೊಂದು ಗಡುವು. ದಡಾರ ಬಂದವರ ಹತ್ತಿರ ಇದ್ದು ಲಸಿಕೆ ಆಗದವರಿಗೆ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಉಪಯೋಗ. ಮೆನಿಂಗೊಕಾಕಲ್ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗುಲುವ ಬ್ಯಾಕ್ಟೀರಿಯಾ ಸೋಂಕು) ಆದರೆ ತೀರಾ ಹತ್ತಿರ ಇದ್ದವರಿಗೆ ಸಾಧ್ಯವಾದಷ್ಟು 24 ಗಂಟೆಯೊಳಗೆ ಆಂಟಿಬಯೋಟಿಕ್ ಸಿಗಬೇಕು. ಮಂಗನಬಾವು ಸೋಂಕು ತಗುಲಿ 12ರಿಂದ 25 ದಿನಗಳ ಒಳಗೆ ಕಾಣಿಸಿಕೊಳ್ಳುತ್ತದೆ, ಊತ ಬಂದವರು 5 ದಿನ ಪ್ರತ್ಯೇಕ ಇರಬೇಕು. ಕುಸ್ತಿಯಲ್ಲಿ ಚರ್ಮಕ್ಕೆ ಚರ್ಮ ಉಜ್ಜಿ ಹರ್ಪಿಸ್ ಎಂಬ, ಗುಳ್ಳೆ ಏಳಿಸುವ ವೈರಸ್ ಹರಡುತ್ತದೆ. 1989ರಲ್ಲಿ ಮಿನೆಸೋಟಾದ ಒಂದು ಕುಸ್ತಿ ಶಿಬಿರದಲ್ಲಿ 175 ಹುಡುಗರ ಪೈಕಿ 60 ಜನಕ್ಕೆ ಅದು ತಗುಲಿತ್ತು. ಇಂಥ ಕಡೆ "ಪ್ರೈವೆಸಿ" ಎಂದು ಸುಮ್ನೆ ಕೂತರೆ ಅದು ಉಳಿದ ಹುಡುಗರಿಗೆ ಮಾಡುವ ಅನ್ಯಾಯ.

4. ಮೊದಲ ಫೋನ್ ಸ್ಥಳೀಯ ಆರೋಗ್ಯ ಇಲಾಖೆಗೆ

ಯಾವ ಯಾವ ಕಾಯಿಲೆ ಬಂದರೆ ವರದಿ ಮಾಡಲೇಬೇಕು ಎಂಬ ಪಟ್ಟಿ ಪ್ರತಿ ರಾಜ್ಯದಲ್ಲೂ ಇದೆ. ಪಟ್ಟಿಯಲ್ಲಿದ್ದರೆ ಡಾಕ್ಟರು ಮತ್ತು ಲ್ಯಾಬ್ ಹೆಸರು ಸಮೇತ ವರದಿ ಮಾಡುತ್ತಾರೆ, ಹಿಪಾ ಇದಕ್ಕೆ ಅವಕಾಶ ಕೊಟ್ಟಿದೆ. ಕಾಲೇಜು ತನ್ನ ದಾಖಲೆಯಿಂದ ಹೆಸರು ಕೊಡಬೇಕಾದರೆ ಫೆರ್ಪಾದ ತುರ್ತು ವಿನಾಯಿತಿ ಬಳಸಬೇಕಾಗಬಹುದು, ಅದಕ್ಕೆ ಮುಂದೆ ಬರುತ್ತೇನೆ. ಇಲಾಖೆಯವರು ಇಂಥ ಕೆಲಸ ದಿನವೂ ಮಾಡುವವರು. ಹೆಸರು ಹೇಳದೆ ಸಂಪರ್ಕಿತರನ್ನು ಹುಡುಕಿ ಮಾತಾಡಿಸುವುದು ಅವರಿಗೆ ಗೊತ್ತು. ಅವರನ್ನು ಬಿಟ್ಟು ಅಥ್ಲೆಟಿಕ್ ವಿಭಾಗವೇ ಪತ್ತೇದಾರಿಗೆ ಇಳಿದರೆ ಹೆಸರು ಸಂಜೆಯೊಳಗೆ ಕ್ಯಾಂಪಸ್ ತುಂಬಾ ಓಡಾಡುತ್ತದೆ.

5. ಟೀಮಿಗೆ ಹೇಳುವುದು

ಇದಕ್ಕೂ ಮುಂಚೆ ಸೋಂಕು ಬಂದ ಆಟಗಾರನ ಜೊತೆ ಕೂತು ಮಾತಾಡಿ. ಏನು ಹೇಳುತ್ತೀರಿ, ಯಾರಿಗೆ, ಎಷ್ಟು ಗಂಟೆಗೆ ಎಂದು ಮೊದಲು ಅವರಿಗೆ ತಿಳಿಯಲಿ. ಕಳಿಸುವ ಸಂದೇಶವನ್ನೇ ಓದಿ ತೋರಿಸಿ. "ಹೆಸರು ಹಾಕಲ್ಲ, ಆದರೆ ನೀನು ಅಭ್ಯಾಸಕ್ಕೆ ಬರದೇ ಇರೋದನ್ನು ನೋಡಿ ಕೆಲವರು ಊಹೆ ಮಾಡಬಹುದು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೆಲವರು "ನಾನೇ ಹೇಳ್ತೀನಿ ಬಿಡಿ" ಎನ್ನುತ್ತಾರೆ. ಅದು ಅವರ ಇಷ್ಟ, ಅವರ ಹಕ್ಕು. ನೀವಾಗಿ ಒತ್ತಾಯ ಮಾಡುವಂತಿಲ್ಲ.

ಸಂದೇಶ ಹೀಗಿರಬಹುದು:

"ನಮ್ಮ ಅಥ್ಲೆಟಿಕ್ ವಿಭಾಗದ ಒಬ್ಬರಿಗೆ ಮಂಗನಬಾವು ಇರುವುದು ಖಚಿತವಾಗಿದೆ. ಅಕ್ಟೋಬರ್ 3ರಿಂದ 6ರ ನಡುವೆ ಲಾಕರ್ ರೂಮ್, ಜಿಮ್ ಅಥವಾ ಟೀಮ್ ಬಸ್ ಬಳಸಿದವರಿಗೆ ಸೋಂಕು ತಗುಲಿರಬಹುದು. ನಿಮ್ಮ ಎಂಎಂಆರ್ ಲಸಿಕೆಯ ದಾಖಲೆಯನ್ನು ನಾಳೆ ಮಧ್ಯಾಹ್ನದೊಳಗೆ ಹೆಲ್ತ್ ಸೆಂಟರ್‌ಗೆ ತೋರಿಸಿ. ಅಕ್ಟೋಬರ್ 31ರವರೆಗೆ ಜ್ವರ, ಕೆನ್ನೆ ಅಥವಾ ದವಡೆಯ ಹತ್ತಿರ ಊತ ಕಂಡರೆ ಅಭ್ಯಾಸಕ್ಕೆ ಬರಬೇಡಿ, ಮೊದಲು ಫೋನ್ ಮಾಡಿ. ನೀರಿನ ಬಾಟಲಿ, ಟವೆಲ್ ಹಂಚಿಕೊಳ್ಳಬೇಡಿ. ಯಾರು ಎಂದು ನಾವು ಹೇಳುವುದಿಲ್ಲ, ನೀವೂ ಕೇಳಬೇಡಿ. ನಾಳೆ ನಿಮಗೇ ಬಂದರೂ ಇದೇ ರೀತಿ ಕಾಪಾಡುತ್ತೇವೆ."

ಇದರಲ್ಲಿ ಏನಿಲ್ಲ ನೋಡಿ. ಹೆಸರಿಲ್ಲ, ಯಾವ ವರ್ಷದ ವಿದ್ಯಾರ್ಥಿ ಎಂದಿಲ್ಲ, ಆಡುವ ಸ್ಥಾನ ಇಲ್ಲ, ಹಾಸ್ಟೆಲ್ ಇಲ್ಲ, "ಅವನು" "ಅವಳು" ಕೂಡ ಇಲ್ಲ. "ನಮ್ಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರು" ಎಂದು ಬರೆದರೆ ಹೆಸರು ಬರೆದ ಹಾಗೆಯೇ. ಫೆರ್ಪಾ ಅಳತೆಗೋಲೂ ಇದೇ. ಒಳಗಿನ ವಿಷಯ ಗೊತ್ತಿಲ್ಲದ, ಆದರೆ ಅದೇ ಕ್ಯಾಂಪಸ್ಸಿನ ಒಬ್ಬ ಸಾಮಾನ್ಯ ವ್ಯಕ್ತಿ ನೀವು ಕೊಟ್ಟ ವಿವರಗಳನ್ನು ಜೋಡಿಸಿ ಯಾರೆಂದು ತಕ್ಕಮಟ್ಟಿಗೆ ಖಚಿತವಾಗಿ ಗುರುತಿಸಬಹುದಾದರೆ ಅದು ಗುರುತು ಬಿಟ್ಟುಕೊಟ್ಟಂತೆ.

ದಿನಾಂಕ, ಜಾಗ, ಗಡುವು, ಮಾಡಬೇಕಾದ ಕೆಲಸ, ಈ ನಾಲ್ಕನ್ನು ಮಾತ್ರ ಬಿಡಲೇಬೇಡಿ. "ಎಲ್ಲರೂ ಆರೋಗ್ಯದ ಬಗ್ಗೆ ಎಚ್ಚರ ವಹಿಸಿ" ಎಂಬ ಸಂದೇಶ ಓದಿದವನಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಗಾಳಿಸುದ್ದಿ ಶುರುವಾಗುವುದೂ ಅಲ್ಲಿಂದಲೇ.

6. ಕೋಚ್‌ಗೆ ಎಷ್ಟು?

ನಿಜವಾದ ಒತ್ತಡ ಬರುವುದು ಇಲ್ಲಿಂದ. ಕೋಚ್ ಕಾರಿಡಾರ್‌ನಲ್ಲಿ ಟ್ರೈನರ್‌ನ ಹಿಡಿದು ನಿಲ್ಲಿಸಿ, "ಅವನಿಗೆ ಏನಾಗಿದೆ, ನನಗಾದ್ರೂ ಹೇಳು" ಎನ್ನುತ್ತಾರೆ. ಟ್ರೈನರ್ ಕೆಲಸದ ಭವಿಷ್ಯ ಒಮ್ಮೊಮ್ಮೆ ಅದೇ ಕೋಚ್ ಕೈಯಲ್ಲಿರುತ್ತದೆ. ಇಂಥ ಹೊತ್ತಿಗೆ ಒಂದು ಸಿದ್ಧ ಉತ್ತರ ಇರಲಿ: "ಶನಿವಾರ ಆಡಲ್ಲ. ಮಂಗಳವಾರ ಮತ್ತೆ ನೋಡಿ ಹೇಳ್ತೀವಿ." ಆಡಬಹುದೇ, ಇಲ್ಲವೇ, ಯಾವಾಗಿನಿಂದ, ಏನೇನು ಮಾಡಬಾರದು, ಕೋಚ್ ಕೆಲಸಕ್ಕೆ ಇಷ್ಟು ಸಾಕು. ಕಾಯಿಲೆಯ ಹೆಸರು ಬೇಕಿದ್ದರೆ ಆಟಗಾರನ ಒಪ್ಪಿಗೆ ಇರಬೇಕು.

ಹೆಲ್ತ್ ಸೆಂಟರ್‌ನ ಚಿಕಿತ್ಸೆಯ ದಾಖಲೆಗೆ ಫೆರ್ಪಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದು ಚಿಕಿತ್ಸೆ ಕೊಡುವವರ ನಡುವೆ ಮಾತ್ರ ಇರುವ ತನಕ ಅದಕ್ಕೆ ಪ್ರತ್ಯೇಕ ಸ್ಥಾನ. ಚಿಕಿತ್ಸೆ ಬಿಟ್ಟು ಬೇರೆ ಕಾರಣಕ್ಕೆ ಹೊರಗೆ ಹೋದರೆ ಅದು ಸಾಮಾನ್ಯ ಶೈಕ್ಷಣಿಕ ದಾಖಲೆಯಾಗುತ್ತದೆ, ಆಗ ಒಪ್ಪಿಗೆ ಇಲ್ಲವೇ ಕಾನೂನಿನ ಯಾವುದಾದರೂ ವಿನಾಯಿತಿ ಬೇಕು. ಕೋಚ್‌ಗೆ ಹಾಗೇ ಒಂದು ವಾಟ್ಸಾಪ್ ಸ್ಕ್ರೀನ್‌ಶಾಟ್ ಕಳಿಸುವ ಮುಂಚೆ ಇದು ನೆನಪಿರಲಿ.

7. ಎದುರಾಳಿ ಟೀಮನ್ನು ಮರೆಯಬೇಡಿ

1998ರ ಸೆಪ್ಟೆಂಬರ್‌ನಲ್ಲಿ ಉತ್ತರ ಕೆರೊಲಿನಾದ ಒಂದು ಕಾಲೇಜು ಫುಟ್‌ಬಾಲ್ ಟೀಮು ಫ್ಲೋರಿಡಾಗೆ ಆಡಲು ಹೋಯಿತು. ಪಂದ್ಯದ ಹಿಂದಿನ ದಿನ ತಿಂದ ಬಾಕ್ಸ್ ಊಟದಿಂದ ನೊರೊವೈರಸ್ ಜಾತಿಯ ಸೋಂಕು ಹತ್ತಿ ಬಹಳಷ್ಟು ಆಟಗಾರರಿಗೆ ವಾಂತಿ ಭೇದಿ. ಆದರೂ ಪಂದ್ಯ ನಡೆಯಿತು. ಆಮೇಲೆ ಫ್ಲೋರಿಡಾ ಟೀಮಿನವರಿಗೂ ಅದೇ ಕಾಯಿಲೆ. ಅವರು ಆ ಊಟ ಮುಟ್ಟಿರಲಿಲ್ಲ. ಮೈದಾನದಲ್ಲೇ ಆಟಗಾರರಿಂದ ಆಟಗಾರರಿಗೆ ಹರಡಿದ್ದು ತನಿಖೆಯಲ್ಲಿ ಗೊತ್ತಾಯಿತು, ವೈದ್ಯಕೀಯ ಪತ್ರಿಕೆಯಲ್ಲೂ ಪ್ರಕಟವಾಯಿತು.

ಹಾಗಾಗಿ ಡಾಕ್ಟರಿಂದ ಡಾಕ್ಟರಿಗೆ, ಟ್ರೈನರಿಂದ ಟ್ರೈನರಿಗೆ ನೇರ ಫೋನ್ ಮಾಡಿ. "ನಮ್ಮ ಕಡೆ ಇಂಥ ಸೋಂಕಿದೆ, ಈ ದಿನ ನಿಮ್ಮ ಜೊತೆ ಆಡಿದೆವು, ಇಷ್ಟು ದಿನ ಈ ಲಕ್ಷಣ ಗಮನಿಸಿ." ಇಲ್ಲೂ ಹೆಸರು ಬೇಡ. ಕುಸ್ತಿ ಸ್ವಲ್ಪ ಬೇರೆ ಥರ, ಅಲ್ಲಿ ಯಾರು ಯಾರ ಮೈಗೆ ತಾಗಿದರು ಎಂಬುದೇ ಮುಖ್ಯ. ಆದರೂ ಸೋಂಕಿತನ ಜೊತೆ ಸೆಣಸಿದ ಎದುರಾಳಿಗಳನ್ನು ಮಾತ್ರ ಒಬ್ಬೊಬ್ಬರಾಗಿ ಎಚ್ಚರಿಸಬಹುದು. ಎನ್‌ಸಿಎಎ ಕುಸ್ತಿ ನಿಯಮದಲ್ಲಿ ಹರ್ಪಿಸ್ ಬಂದವರು ಮತ್ತೆ ಅಖಾಡಕ್ಕೆ ಇಳಿಯಲು 72 ಗಂಟೆ ಹೊಸ ಗುಳ್ಳೆ ಇರಬಾರದು, ಕನಿಷ್ಠ 120 ಗಂಟೆ ವೈರಸ್ ವಿರೋಧಿ ಔಷಧ ತೆಗೆದುಕೊಂಡಿರಬೇಕು, ಇದ್ದ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿರಬೇಕು. ಈ ತಪಾಸಣೆ ಎಲ್ಲರೆದುರು ಆಗದಂತೆ ನೋಡಿಕೊಳ್ಳುವುದೂ ಪ್ರೈವೆಸಿಯೇ. ಒಂದು ಪರದೆ ಸಾಕು.

8. ಪತ್ರಕರ್ತರು ಕೇಳಿದಾಗ

ಗುರುತು ಸಿಗದ ಸಂಖ್ಯೆ ಕೊಡುವುದನ್ನು ಫೆರ್ಪಾ ತಡೆಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆ ಕೋವಿಡ್ ಬಗ್ಗೆ ಕೊಟ್ಟ ಪ್ರಶ್ನೋತ್ತರದಲ್ಲೂ ಇದೇ ಮಾತಿತ್ತು. ಆದರೆ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಿ ನೋಡುತ್ತಾರೆ ಎಂಬುದನ್ನು ಯೋಚಿಸಿ. 100ಕ್ಕೂ ಜಾಸ್ತಿ ಜನರಿರುವ ಫುಟ್‌ಬಾಲ್ ಟೀಮಿನಲ್ಲಿ "23" ಎಂದರೆ ಯಾರೂ ಗೊತ್ತಾಗುವುದಿಲ್ಲ. 8 ಜನರ ಗಾಲ್ಫ್ ಟೀಮಿನಲ್ಲಿ "1" ಎಂದರೆ, ಆ ವಾರ ಆಡದೆ ಉಳಿದವಳ ಹೆಸರು ಹೇಳಿದಂತೆ. ಸಣ್ಣ ಟೀಮುಗಳ ಸಂಖ್ಯೆಯನ್ನು ಇಡೀ ಅಥ್ಲೆಟಿಕ್ ವಿಭಾಗದ ಒಟ್ಟು ಲೆಕ್ಕದಲ್ಲಿ ಸೇರಿಸಿ ಕೊಡಿ. ದಿನ ದಿನದ ಲೆಕ್ಕ ಬೇಡ, ವಾರಕ್ಕೊಮ್ಮೆ ಸಾಕು. ನಿನ್ನೆ 4, ಇವತ್ತು 5 ಎಂದರೆ ಇವತ್ತು ಕಾಣೆಯಾದ ಒಬ್ಬರು ಯಾರು ಎಂದು ಹುಡುಕುವುದು ಕಷ್ಟವಲ್ಲ.

ಈಗ ಕ್ರೀಡಾ ಬೆಟ್ಟಿಂಗ್ ಒತ್ತಡವೂ ಸೇರಿಕೊಂಡಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ರಾಜ್ಯಗಳಿಗೆ ಬೆಟ್ಟಿಂಗ್ ಕಾನೂನುಬದ್ಧ ಮಾಡುವ ದಾರಿ ತೆರೆಯಿತು, ಆಮೇಲೆ ಯಾರು ಆಡುತ್ತಾರೆ ಎಂಬ ಒಳಸುದ್ದಿಗೆ ಬೆಲೆ ಬಂತು, ಹಾಸ್ಟೆಲ್ ಹುಡುಗರವರೆಗೂ ಈ ಪ್ರಶ್ನೆ ಬರುತ್ತದೆ. ಇದನ್ನು ತಡೆಯಲೆಂದೇ ಬಿಗ್ ಟೆನ್ ಲೀಗ್ 2023ರಿಂದ, ಎಸ್‌ಇಸಿ ಎಂಬ ಇನ್ನೊಂದು ಕಾಲೇಜು ಲೀಗ್ 2024ರಿಂದ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಆಟಗಾರರ ಲಭ್ಯತೆಯ ಪಟ್ಟಿ ಹೊರಡಿಸುತ್ತಿವೆ. ಆಡುತ್ತಾರೆ, ಅನುಮಾನ, ಆಡುವುದಿಲ್ಲ, ಈ ಥರ ಇರುತ್ತದೆ. ಯಾಕೆ ಎಂಬುದನ್ನು ಹೇಳಬೇಕಿಲ್ಲ. ನನ್ನ ಪ್ರಕಾರ ಇದು ಒಳ್ಳೆಯ ಮಾದರಿ. ನಿಮ್ಮ ಲೀಗಿನಲ್ಲಿ ಕಡ್ಡಾಯ ಇಲ್ಲದಿದ್ದರೂ ಇದನ್ನೇ ಅಳವಡಿಸಿಕೊಳ್ಳಿ. ಕಾಲು ಉಳುಕಿದವನೂ ಜ್ವರ ಬಂದವನೂ ಒಂದೇ ಪಟ್ಟಿಯಲ್ಲಿ "ಆಡುವುದಿಲ್ಲ" ಎಂದಿದ್ದಾಗ ಸೋಂಕು ಯಾರಿಗೆ ಎಂದು ಹೊರಗಿನವರಿಗೆ ಬಿಡಿಸಲಾಗುವುದಿಲ್ಲ.

"ಹಿಪಾ ಇರೋದ್ರಿಂದ ಏನೂ ಹೇಳಲ್ಲ" ಎಂಬ ಉತ್ತರವನ್ನು ಮಾತ್ರ ಕೊಡಬೇಡಿ. ಬಹಳಷ್ಟು ಸಲ ಅದು ತಪ್ಪು ಕಾನೂನು. "ಆಟಗಾರರ ವೈಯಕ್ತಿಕ ಆರೋಗ್ಯದ ಬಗ್ಗೆ ಮಾತಾಡುವುದಿಲ್ಲ. ಈ ವಾರ ನಮ್ಮ ಎಲ್ಲಾ ಟೀಮುಗಳಲ್ಲಿ ಸೇರಿ 9 ಪ್ರಕರಣ ಇವೆ, ಸಂಪರ್ಕದಲ್ಲಿದ್ದವರಿಗೆಲ್ಲಾ ತಿಳಿಸಿದ್ದೇವೆ" ಎಂದರೆ ನೇರ ಉತ್ತರ.

9. ಹೆಸರು ಹೇಳದೆ ಬೇರೆ ದಾರಿಯೇ ಇಲ್ಲದಿದ್ದರೆ

ಅಪರೂಪಕ್ಕೆ ಹಾಗೂ ಆಗುತ್ತದೆ. ಆರೋಗ್ಯ ಅಥವಾ ಸುರಕ್ಷತೆಯ ತುರ್ತು ಸಂದರ್ಭಕ್ಕೆ ಫೆರ್ಪಾದಲ್ಲಿ ವಿನಾಯಿತಿ ಇದೆ. 2007ರಲ್ಲಿ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯಲ್ಲಿ ನಡೆದ ಹತ್ಯಾಕಾಂಡದ ನಂತರ, 2008ರಲ್ಲಿ, ಈ ನಿಯಮವನ್ನು ಸ್ವಲ್ಪ ಸಡಿಲ ಮಾಡಿದರು. ಅಪಾಯ ಗಂಭೀರವಾಗಿರಬೇಕು, ಅದು ಏನು ಎಂದು ನೀವು ಬಿಡಿಸಿ ಹೇಳುವಂತಿರಬೇಕು, ಮಾಹಿತಿ ಸಿಗದೆ ರಕ್ಷಣೆ ಸಾಧ್ಯವಿಲ್ಲದವರಿಗೆ ಮಾತ್ರ ಕೊಡಬೇಕು. 2020ರ ಪ್ರಶ್ನೋತ್ತರದಲ್ಲಿ ಕೊಟ್ಟ ಉದಾಹರಣೆಯೂ ಕುಸ್ತಿ ಟೀಮಿನದ್ದೇ. ಕೋವಿಡ್ ಬಂದ ಕುಸ್ತಿಪಟುವಿನ ತೀರಾ ಹತ್ತಿರದ ಸಂಪರ್ಕಕ್ಕೆ ಬಂದ ಸಹ ಆಟಗಾರರ ಪೋಷಕರಿಗೆ ಆ ಗುರುತು ತಿಳಿಸುವ ಅಗತ್ಯ ಬೀಳಬಹುದು ಎಂದು ಅದರಲ್ಲಿತ್ತು. ಮಾಧ್ಯಮಕ್ಕೆ ಹೆಸರು ಕೊಡಲು ಈ ವಿನಾಯಿತಿ ಅಲ್ಲ ಎಂಬುದನ್ನೂ ಅದು ಸ್ಪಷ್ಟವಾಗಿ ಹೇಳಿತ್ತು.

ವಿನಾಯಿತಿ ಬಳಸಿದರೆ ಯಾವ ಅಪಾಯ ಕಂಡು ಹೆಸರು ಹೇಳಿದಿರಿ, ಯಾರಿಗೆ ಹೇಳಿದಿರಿ ಎಂದು ಆ ವಿದ್ಯಾರ್ಥಿಯ ದಾಖಲೆಯಲ್ಲಿ ಬರೆದಿಡುವುದು ಕಡ್ಡಾಯ. ಅವತ್ತೇ ಬರೆಯಿರಿ. ಬರೆಯಲು ಕೂತಾಗ ಕಾರಣ ಹೊಳೆಯದಿದ್ದರೆ ಹೆಸರು ಹೇಳುವ ಅಗತ್ಯ ಇರಲಿಲ್ಲ ಎಂದೇ ಅರ್ಥ, ಆದ್ದರಿಂದ ಸಾಧ್ಯವಿದ್ದರೆ ಹೇಳುವ ಮುಂಚೆಯೇ ಬರೆಯಿರಿ.

10. ಹೆಸರು ಸೋರಿದರೆ

ಟೀಮ್ ಗ್ರೂಪ್ ಚಾಟ್‌ನಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ಹೆಸರು ಹಾಕಿದರೆ ಅದು ಫೆರ್ಪಾ ಉಲ್ಲಂಘನೆ ಅಲ್ಲ, ಯಾಕೆಂದರೆ ಆ ಕಾನೂನು ಕಟ್ಟುವುದು ಸಂಸ್ಥೆಯನ್ನು. ಅದನ್ನು ಟೀಮ್ ನಿಯಮದಲ್ಲಿ ಸೇರಿಸಿ, ಕ್ಯಾಪ್ಟನ್ ಕೈಲಿ ಹೇಳಿಸಿ. ಸಿಬ್ಬಂದಿಯಿಂದಲೇ ಸೋರಿದ್ದರೆ ಮಾತು ಬೇರೆ. ಮೊದಲು ಆಟಗಾರನಿಗೆ ನೀವೇ ತಿಳಿಸಿ, ಬೇರೆಯವರ ಬಾಯಿಂದ ತಿಳಿಯಬಾರದು. ಕಡತ ಯಾರ್‍ಯಾರು ತೆರೆದು ನೋಡಿದ್ದಾರೆ ಎಂದು ಪರಿಶೀಲಿಸಿ, ಬೇಡದವರ ಲಾಗಿನ್ ತೆಗೆಯಿರಿ.

ನೀವೇ ಆ ಆಟಗಾರರಾದರೆ, ಫೆರ್ಪಾ ಅಡಿಯಲ್ಲಿ ನೇರವಾಗಿ ಕೋರ್ಟಿಗೆ ಹೋಗಿ ಪರಿಹಾರ ಕೇಳುವಂತಿಲ್ಲ, 2002ರಲ್ಲಿ ಗೊನ್ಜಾಗಾ ಯೂನಿವರ್ಸಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಪ್ರೈವೆಸಿ ಕಚೇರಿಗೆ 180 ದಿನಗಳ ಒಳಗೆ ದೂರು ಕೊಡಬಹುದು. ಸೋರಿದ್ದು ಹೊರಗಿನ ಆಸ್ಪತ್ರೆ ಅಥವಾ ಕ್ಲಿನಿಕ್‌ನಿಂದ ಎಂದಾದರೆ ದೂರು ಹೋಗಬೇಕಾದದ್ದು ಫೆಡರಲ್ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ, ಅಲ್ಲೂ ಸಾಮಾನ್ಯವಾಗಿ 180 ದಿನ. ರಾಜ್ಯದ ಕಾನೂನಿನಲ್ಲಿ ಬೇರೆ ದಾರಿ ಇದೆಯೇ ಎಂದು ವಕೀಲರನ್ನು ಕೇಳಿ. ದೂರಿನಲ್ಲಿ ಯಾವ ದಿನ, ಯಾರು, ಯಾರಿಗೆ, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನು ಬರೆಯಿರಿ. ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸೀಸನ್ ಶುರುವಿನಲ್ಲಿ ನೀವು ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿಯನ್ನು ಕಾಲೇಜಿನಿಂದ ಬರಹದಲ್ಲಿ ಕೇಳಿ ಪಡೆಯಿರಿ. ನಿಮ್ಮ ದಾಖಲೆ ನೋಡಲು ನೀವು ಕೇಳಿದರೆ 45 ದಿನಗಳ ಒಳಗೆ ಕಾಲೇಜು ತೋರಿಸಬೇಕು. ಚಿಕಿತ್ಸೆಯ ದಾಖಲೆಯಾದರೆ ನಿಮ್ಮ ಆಯ್ಕೆಯ ಡಾಕ್ಟರಿಗೆ ತೋರಿಸುವಂತೆ ಕೇಳಬಹುದು.